ಹಿತ್ತಲಿನಲ್ಲಿ ಹಬ್ಬುತ್ತಿರುವ ಎರಡು ಗಿಡಗಳು: ಕತ್ತರಿಸಿದಷ್ಟೂ ಹೆಚ್ಚುತ್ತಿವೆ, ಏನು ಮಾಡಬೇಕು?

ಪ್ರಶ್ನೆ

ನಮ್ಮ ಹಿತ್ತಲಿನಲ್ಲಿ ಎರಡು ಗಿಡಗಳು ಕೈಮೀರಿ ಬೆಳೆದಿವೆ. ಒಂದಕ್ಕೆ ಗಜ್ಜರಿಯ ಎಲೆಯಂತೆ ಸೀಳುಸೀಳಾದ ಎಲೆಗಳಿದ್ದು, ತುದಿಯಲ್ಲಿ ಸಣ್ಣ ಬಿಳಿ ಹೂಗಳು ಬಿಡುತ್ತವೆ. ಇನ್ನೊಂದು, ಬರಿ ನೆಲ ಹಸಿರಾಗಲೆಂದು ಎರಡು ವರ್ಷಗಳ ಹಿಂದೆ ನಾನೇ ತಂದು ನೆಟ್ಟ ಹಳದಿ ಹೂವಿನ ಬಳ್ಳಿ. ಅದೀಗ ಬೇಲಿ ದಾಟಿ ಚರಂಡಿಯ ದಂಡೆ ಸೇರಿದೆ. ಕಳೆದ ಮಳೆಗಾಲದಲ್ಲಿ ಎರಡನ್ನೂ ಕತ್ತಿಯಿಂದ ಸವರಿ ಗೊಬ್ಬರದ ಗುಂಡಿಗೆ ಹಾಕಿದ್ದೆ. ಈಗ ಗೊಬ್ಬರ ಹಾಕಿದ ಪಾತಿಗಳಲ್ಲೆಲ್ಲ ಅವೇ ಎದ್ದಿವೆ. ನಾನು ಎಲ್ಲಿ ತಪ್ಪಿದೆ?

ಉತ್ತರ 1

ಮೊದಲನೆಯದು ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ ಇರಬೇಕು. ಮಾಚಿಪತ್ರೆಯ ಎಲೆಯೂ ಹೀಗೆಯೇ ಸೀಳಿರುತ್ತದೆಯಾದರೂ ಅದರ ತಳಭಾಗ ಬೂದುಬಿಳಿಯಾಗಿರುತ್ತದೆ ಮತ್ತು ಹಿಸುಕಿದರೆ ಘಮ ಬರುತ್ತದೆ. ಕೈಗವಸು ತೊಟ್ಟೇ ಪರೀಕ್ಷಿಸಿ, ಏಕೆಂದರೆ ಪಾರ್ಥೇನಿಯಂ ತಗಲಿದರೆ ಹಲವರಿಗೆ ಚರ್ಮದಲ್ಲಿ ತುರಿಕೆ, ಗಂದೆ ಏಳುತ್ತವೆ, ಅದರ ಪರಾಗದಿಂದ ಉಬ್ಬಸವೂ ಕೆರಳಬಹುದು. ಒಂದೇ ಗಿಡ 10,000ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ಮೊಳೆತ ಸುಮಾರು 4ರಿಂದ 6 ವಾರಗಳಲ್ಲೇ ಹೂ ಬರುವುದರಿಂದ, ಎಲೆಗಳು ನೆಲಕ್ಕಂಟಿ ಚಕ್ರದಂತೆ ಹರಡಿಕೊಂಡಿರುವ ಎಳೆಯ ಹಂತದಲ್ಲಿಯೇ, ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ, ಬೇರುಸಹಿತ ಕೀಳಬೇಕು. ಹೂ ಬಿಟ್ಟ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಲೇಬಾರದು. ಸಾಧಾರಣ ಗುಂಡಿಯ ಕಾವಿಗೆ ಬೀಜಗಳೆಲ್ಲ ಸಾಯುವುದಿಲ್ಲ. ನಿಮ್ಮ ಪಾತಿಗಳಿಗೆ ಅವು ಹೋದದ್ದು ಆ ದಾರಿಯಲ್ಲೇ.

ಉತ್ತರ 2

ಎರಡನೆಯದು ವೆಡೇಲಿಯಾ ಎಂದು ಮಾರುವ ಬಳ್ಳಿ ಎನಿಸುತ್ತದೆ. ಇದರ ಸ್ವಭಾವ ಪೂರ್ತಿ ಬೇರೆ: ಇದು ಹಬ್ಬುವುದು ಮುಖ್ಯವಾಗಿ ಗೆಣ್ಣುಗಳಿಂದ. ಒಂದು ಬಳ್ಳಿಯನ್ನು ನೆಲದಿಂದ ಮೆಲ್ಲನೆ ಎತ್ತಿ ನೋಡಿದರೆ ಗೆಣ್ಣುಗೆಣ್ಣಿನಲ್ಲೂ ಬಿಳಿ ಬೇರಿನ ಎಳೆಗಳು ಮಣ್ಣು ಕಚ್ಚಿರುವುದು ಕಾಣುತ್ತದೆ. ಹೀಗಿರುವಾಗ ಕತ್ತಿಯಿಂದ ಸವರಿದರೆ ಹೆಬ್ಬೆರಳುದ್ದದ ಒಂದೊಂದು ತುಂಡೂ ಹೊಸ ಗಿಡವಾಗುತ್ತದೆ; ನೀವು ಅರಿಯದೆ ಅದನ್ನು ನಾಟಿ ಮಾಡಿದಂತಾಗಿದೆ. ಚರಂಡಿಯ ನೀರು ತುಂಡುಗಳನ್ನು ಹೊತ್ತೊಯ್ಯುವುದರಿಂದ ಕೆಲಸವನ್ನು ಅಲ್ಲಿಂದಲೇ ಆರಂಭಿಸಿ. ಸಲಿಕೆಯಿಂದ ಮಣ್ಣು ಸಡಿಲಿಸಿ, ಬಳ್ಳಿ ತುಂಡಾಗದಂತೆ ಎಳೆದು, ಗಟ್ಟಿ ನೆಲದ ಮೇಲೆ ಮುಟ್ಟಿದರೆ ಮುರಿಯುವಷ್ಟು ಒಣಗಿಸಿ. ಉಳಿದ ಚೂರುಗಳು ಚಿಗುರಿಯೇ ಚಿಗುರುತ್ತವೆ, ಆದ್ದರಿಂದ ಹಲವು ತಿಂಗಳು 15 ದಿನಗಳಿಗೊಮ್ಮೆ ನೋಡುತ್ತಿರಬೇಕು.

ಉತ್ತರ 3

ಇಷ್ಟು ಶ್ರಮ ಬೇಡ. ಅಡುಗೆ ಉಪ್ಪನ್ನು ನೀರಿನಲ್ಲಿ ಗಟ್ಟಿಯಾಗಿ ಕರಗಿಸಿ ಸಿಂಪಡಿಸಿದರೆ ಪಾರ್ಥೇನಿಯಂ ಒಣಗುತ್ತದೆ.

ಉತ್ತರ 1 ಬರೆದವರಿಂದ

ಒಣಗುವುದು ನಿಜ, ಆದರೆ ಹಿತ್ತಲಿಗೆ ನಾನು ಅದನ್ನು ಖಂಡಿತ ಹೇಳುವುದಿಲ್ಲ. ಉಪ್ಪು ಮಣ್ಣಿನಲ್ಲೇ ಉಳಿದರೆ ಪಾತಿಯ ತರಕಾರಿಯೂ ಏಳುವುದಿಲ್ಲ. ಚರಂಡಿಯ ದಂಡೆಗೆ ಕಳೆನಾಶಕವೂ ಬೇಡ, ಅದು ನೀರಿಗೆ ಸೇರುತ್ತದೆ. ಕಿತ್ತ ಜಾಗವನ್ನು ಮಾತ್ರ ಬರಿದಾಗಿ ಬಿಡಬೇಡಿ. ಒಣ ಹುಲ್ಲನ್ನು ದಪ್ಪಗೆ ಹೊದಿಸಿ, ಇಲ್ಲವೇ ಬೇಗ ನೆರಳು ಕೊಡುವ ಅಲಸಂದೆಯಂತಹ ಬೆಳೆ ಹಾಕಿ. ಬೆಳಕು ಸಿಗದ ಕಡೆ ಪಾರ್ಥೇನಿಯಂ ಸಸಿಗಳು ಸೊರಗುತ್ತವೆ.

ಪ್ರಶ್ನೆ ಕೇಳಿದವರಿಂದ

ಈಗಷ್ಟೇ ಪರೀಕ್ಷಿಸಿದೆ: ಎಲೆಯಲ್ಲಿ ಘಮವಿಲ್ಲ, ಬಳ್ಳಿಯ ಗೆಣ್ಣುಗಳಲ್ಲಿ ಬೇರುಗಳಿವೆ. ಗೊಬ್ಬರದ ಗುಂಡಿಯಲ್ಲೇ ಏಳೆಂಟು ಗೆಣ್ಣುಗಳು ಚಿಗುರಿದ್ದವು, ಅವನ್ನು ಆರಿಸಿ ಬಿಸಿಲಿಗೆ ಹಾಕಿದ್ದೇನೆ. ನಾಳೆ ಚರಂಡಿಯ ದಂಡೆಯಿಂದ ಕೆಲಸ ಆರಂಭಿಸುತ್ತೇನೆ.