ಕುಡಿತ ಬಿಟ್ಟು 23 ದಿನ: ಎಎ ಸಭೆಯನ್ನು ಎಲ್ಲಿ ಹುಡುಕಲಿ?

ಪ್ರಶ್ನೆ (ಗಂಗಾವತಿಯಿಂದ): ಮೇಡಂ, ನಮಸ್ಕಾರ. ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 41. ಕೊಪ್ಪಳದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಬಂದೆ. ಇಂದಿಗೆ 23 ದಿನ, ತೊಟ್ಟೂ ಮುಟ್ಟಿಲ್ಲ. ಹಗಲು ಹೇಗೋ ಕಳೆಯುತ್ತದೆ. ಶನಿವಾರ ಹಮಾಲರ ಬಟವಾಡೆ ಮುಗಿಸಿ ಆರೂವರೆಗೆ ಹೊರಬಿದ್ದರೆ ಮಾತ್ರ ಸೈಕಲ್ ತಾನಾಗಿಯೇ ಹಳೆಯ ಅಂಗಡಿಯ ಕಡೆ ತಿರುಗುತ್ತದೆ. ‘ಕುಡಿತ ಬಿಟ್ಟವರು ಸೇರುವ ಎಎ ಸಭೆಗೆ ಹೋಗಿ’ ಎಂದು ವೈದ್ಯರು ಹೇಳಿ ಕಳಿಸಿದ್ದರು. ಅದನ್ನು ಎಲ್ಲಿ ಹುಡುಕಲಿ? ಹಣ ಕಟ್ಟಬೇಕೆ? ಪರಿಚಯದವರು ಸಿಕ್ಕರೆ ಏನು ಮಾಡಲಿ ಎಂಬ ಅಳುಕೂ ಇದೆ.

ಉತ್ತರ (ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಬಳ್ಳಾರಿ): ಆ ಆರೂವರೆ ಗಂಟೆಯನ್ನು ನೀವೇ ಗುರುತಿಸಿದ್ದೀರಲ್ಲ, ಅರ್ಧ ಕೆಲಸ ಆಗಿದೆ. ಆಸ್ಪತ್ರೆ ಮೈಯ ನಡುಕವನ್ನು ಇಳಿಸುತ್ತದೆ. ಸಂಜೆಯನ್ನು ದಾಟುವುದು ಹೇಗೆಂದು ಅಂಥದೇ ಸಂಜೆಗಳನ್ನು ದಾಟಿದವರಿಂದ ಕೇಳಬೇಕು. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಹುಟ್ಟಿದ್ದೂ ಹಾಗೆಯೇ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿಗೆ ವ್ಯವಹಾರಕ್ಕೆ ಬಂದಿದ್ದ ಒಬ್ಬರು ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರ ಕೈಕೊಟ್ಟಿತು, ಹೋಟೆಲಿನ ಬಾರ್ ಕಡೆಗೆ ಮನಸ್ಸು ಎಳೆಯಿತು. ಅವರು ಬಾರಿಗೆ ಹೋಗದೆ ಫೋನ್ ಹಿಡಿದು, ಕುಡಿತದಿಂದ ನರಳುತ್ತಿರುವ ಇನ್ನೊಬ್ಬರನ್ನು ಹುಡುಕಿದರು. ಸಿಕ್ಕವರು ಒಬ್ಬ ಶಸ್ತ್ರವೈದ್ಯರು. ಆ ಇಬ್ಬರ ಮಾತುಕತೆಯೇ ಎಎಯ ಬೇರು.

ಹುಡುಕಾಟವನ್ನು ನೀವು ದಾಖಲಾಗಿದ್ದ ವಾರ್ಡಿನಿಂದಲೇ ಆರಂಭಿಸಿ. ಅಲ್ಲಿನ ಆಪ್ತಸಮಾಲೋಚಕರಿಗೆ ಸುತ್ತಲಿನ ಸಭೆಗಳ ಸುದ್ದಿ ಗೊತ್ತಿರುತ್ತದೆ. ಎಎಯ ಭಾರತದ ಕೇಂದ್ರ ಕಚೇರಿ ಮುಂಬೈಯಲ್ಲಿದೆ. ಅವರ ಜಾಲತಾಣದಲ್ಲೂ ವಿಚಾರಿಸಬಹುದು. ಸಭೆಯ ದಿನ, ಸ್ಥಳ ಬದಲಾಗುತ್ತಿರುತ್ತವೆ, ಆದ್ದರಿಂದ ಫೋನ್ ಮಾಡಿಯೇ ಬಸ್ ಹತ್ತಿ. ಕನ್ನಡದಲ್ಲಿ ನಡೆಯುತ್ತದೆಯೇ, ತೆಲುಗಿನಲ್ಲೇ ಎಂದೂ ಕೇಳಿ, ನಮ್ಮ ಗಡಿ ಸೀಮೆಯಲ್ಲಿ ಇದು ಮುಖ್ಯ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಮದ್ಯವರ್ಜನ ಶಿಬಿರ ನಡೆಸಿ, ಬಿಟ್ಟವರಿಗಾಗಿ ‘ನವಜೀವನ ಸಮಿತಿ’ಗಳನ್ನು ಕಟ್ಟಿದ್ದಾರೆ. ಮನೆಯಲ್ಲಿ ಯಾರಾದರೂ ಅವರ ಸಂಘದಲ್ಲಿದ್ದರೆ ಸೇವಾಪ್ರತಿನಿಧಿಯನ್ನು ಕೇಳಿ. ಸಭೆ ಸಿಗುವವರೆಗೂ ಕೈಕಟ್ಟಿ ಕೂರಬೇಡಿ. ಮೊಬೈಲಿನಲ್ಲಿ ನಡೆಯುವ ಎಎ ಸಭೆಗಳಿವೆ, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಇದೆ.

ಶುಲ್ಕವಿಲ್ಲ. ಕೊನೆಯಲ್ಲಿ ಡಬ್ಬಿಯೊಂದು ಕೈಯಿಂದ ಕೈಗೆ ಬರಬಹುದು, ಹಾಕಿದರೆ ಹಾಕಬಹುದು, ಇಲ್ಲವಾದರೆ ಇಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಊರು, ಮನೆತನ ಕೇಳುವುದಿಲ್ಲ, ಮೊದಲ ದಿನ ಮಾತನಾಡಲೇಬೇಕೆಂದಿಲ್ಲ. ಪರಿಚಯದವರು ಸಿಕ್ಕರೆ ಅವರೂ ನಿಮ್ಮ ಹಾಗೆಯೇ ಅಳುಕುತ್ತ ಬಂದವರೇ ಇರುತ್ತಾರೆ. ಅಲ್ಲಿ ಕಂಡ ಮುಖ, ಕೇಳಿದ ಮಾತು ಹೊರಗೆ ಹೋಗಬಾರದು ಎಂಬುದು ಅವರ ಗಟ್ಟಿ ಕಟ್ಟುಪಾಡು. ಸಭೆಗೆ ಹೋದಿರೆಂದು ವೈದ್ಯರು ಬರೆದ ಮಾತ್ರೆಗಳನ್ನು ನಿಲ್ಲಿಸಬೇಡಿ.

ಇನ್ನೊಬ್ಬರ ಪ್ರಶ್ನೆ (ಮಾನ್ವಿಯಿಂದ): ಅಕ್ಕಾ, ನಮ್ಮ ಯಜಮಾನರು ಯಾವ ಸಭೆಗೂ ಬರುವವರಲ್ಲ. ಬೆಳಗ್ಗೆಯೇ ಕುಡಿಯುತ್ತಾರೆ. ಸಾರಿನಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿ ಇದೆ ಎನ್ನುತ್ತಾರೆ. ತರಿಸಲೇ?

ಉತ್ತರ: ಬೇಡ ತಂಗಿ, ದಯವಿಟ್ಟು ಬೇಡ. ಹೀಗೆ ಕದ್ದು ಕೊಡುವುದರಲ್ಲಿ ಡೈಸಲ್ಫಿರಾಂ ಇರಬಹುದು. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅಪಾಯ ಉಳಿಯಬಹುದು. ಅದನ್ನು ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಸಿ ಕೊಡುವ ಔಷಧ.

ಬೆಳಗ್ಗೆಯೇ ಬೇಕಾಗುವವರನ್ನು ಕೋಣೆಗೆ ಹಾಕಿ ಒಮ್ಮೆಲೇ ನಿಲ್ಲಿಸಲೂ ಹೋಗಬೇಡಿ. ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು, ಮೂರನೇ ದಿನ ಸನ್ನಿ ಹಿಡಿದಂತೆ ಇಲ್ಲದ್ದು ಕಂಡು, ಗೊತ್ತುಗುರಿಯಿಲ್ಲದೆ ಮಾತನಾಡಬಹುದು. ಅಂಥ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಸೇರಿಸಿ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿನ ಸರದಿ ಯಾವಾಗ ಎಂದು ಕೇಳಿಕೊಂಡು, ಯಜಮಾನರು ಬಾರದಿದ್ದರೆ ನೀವೊಬ್ಬರೇ ಹೋಗಿ. ಮನೆಯವರಿಗೆಂದೇ ಆಲ್‌-ಅನಾನ್ ಎಂಬ ಬೇರೆ ಸಭೆಯಿದೆ. ಅವರು ಕುಡಿಯುತ್ತಲೇ ಇದ್ದರೂ ನೀವು ಹೋಗಬಹುದು. ಎಷ್ಟೋ ಮನೆಗಳಲ್ಲಿ ಮೊದಲು ಹೊಸ್ತಿಲು ದಾಟಿದವರು ಹೆಂಡತಿಯರು.

ಮತ್ತೆ ಗಂಗಾವತಿಯಿಂದ, 9 ದಿನಗಳ ಬಳಿಕ: ಮೇಡಂ, ವಾರ್ಡಿನವರೇ ನಂಬರ್ ಕೊಟ್ಟರು. ಭಾನುವಾರ ಬಸ್ಸಿನಲ್ಲಿ ಹೋದೆ. ಬಾಗಿಲಲ್ಲಿ ಚಪ್ಪಲಿಗಳ ಸಾಲು ನೋಡಿ ಹಿಂದಿರುಗುವವನಿದ್ದೆ. ಒಳಗಿನಿಂದ ಒಬ್ಬರು ಎದ್ದು ಬಂದು, ಏನೂ ಕೇಳದೆ, ಚಹಾದ ಲೋಟ ಕೈಗಿಟ್ಟರು. ಕೊನೆಯ ಬೆಂಚಿನಲ್ಲಿ ಸುಮ್ಮನೆ ಕುಳಿತಿದ್ದೆ. ಲಾರಿ ಓಡಿಸುವ ಒಬ್ಬರು ಬಟವಾಡೆಯ ದಿನದ ಕಥೆ ಹೇಳಿದರು, ನನ್ನದನ್ನೇ ಹೇಳಿದಂತಿತ್ತು. ಬಸ್ ಟಿಕೆಟ್ಟಿನ ಹಿಂದೆ ನಂಬರ್ ಬರೆದುಕೊಟ್ಟಿದ್ದಾರೆ.

ಉತ್ತರ: ಓದಿ ಕಣ್ಣು ತುಂಬಿತು. ಆ ನಂಬರನ್ನು ಈಗಲೇ ಮೊಬೈಲಿಗೆ ಹಾಕಿಕೊಳ್ಳಿ, ಟಿಕೆಟ್ ಕಳೆದುಹೋಗುತ್ತದೆ. ಶನಿವಾರ ಬಟವಾಡೆಗೆ ಕೂರುವ ಮೊದಲೇ ಅವರಿಗೆ ಕರೆ ಮಾಡಿ, ಆಸೆ ಕೆರಳಿದ ಮೇಲೆ ಕೈ ಫೋನಿಗೆ ಹೋಗುವುದು ಕಷ್ಟ. ಹಸಿದ ಹೊಟ್ಟೆಯಲ್ಲಿ ಸೆಳೆತ ಹೆಚ್ಚು. ಗಿರಣಿಗೇ ಒಗ್ಗರಣೆ, ಮಿರ್ಚಿ ತರಿಸಿ ತಿಂದು ಹೊರಡಿ. ಸೈಕಲ್ ಅಂದು ಮನೆಯಲ್ಲೇ ಇರಲಿ, ಮನೆಯವರಲ್ಲಿ ಒಬ್ಬರಿಗೆ ಆರೂವರೆಗೆ ಗಿರಣಿಯ ಗೇಟಿನ ಹತ್ತಿರ ಬರಲು ಹೇಳಿ.