ಅಪ್‌ಡೇಟ್: ಮರದ ನೆರಳಲ್ಲಿದ್ದ ಸುಗಂಧಿ ಗಿಡ ಕೊನೆಗೂ ಹೂ ಬಿಟ್ಟಿತು

ಜಯನಗರದ ನಮ್ಮ ಮನೆ ಹಿಂದೆ ಮಾವು, ಹಲಸಿನ ಮರಗಳ ಕೆಳಗೆ ಬೆಳೆದಿರೋ ಬಿಳಿ ಸುಗಂಧಿ ಬರೀ ಎಲೆ ಬಿಡುತ್ತೆ, ಹೂವೇ ಇಲ್ಲ ಅಂತ ಮಳೆ ಶುರುವಾದಾಗ ಕೇಳಿದ್ದೆ. ಈಗ ಹೂ ಬಂದಿದೆ! ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೆಲಸ ಮಾಡಿದ್ದು ಮಾವಿನ ಕೆಳಗಿನ ಕೊಂಬೆ ಸವರಿ ಅಂದವರ ಸಲಹೆ. ಪೂರ್ವದ ಕಡೆಯ ಎರಡು ಕೊಂಬೆ ತೆಗೆಸಿದ ಮೇಲೆ ಬೆಳಗಿನ ಎಳೆ ಬಿಸಿಲು ಬುಡದವರೆಗೂ ಬೀಳುತ್ತಿದೆ, ಮಧ್ಯಾಹ್ನ ಮೊದಲಿನ ಹಾಗೆ ನೆರಳೇ. ಜೊತೆಗೆ ಉದುರಿದ ಎಲೆಗಳನ್ನೇ ಬುಡಕ್ಕೆ ದಪ್ಪಗೆ ಹೊದಿಸಿದೆ. ಮಳೆ ಕೈಕೊಟ್ಟ ವಾರದಲ್ಲೂ ಮಣ್ಣು ತೇವವಾಗಿಯೇ ಇತ್ತು.

ಯೂರಿಯಾ ಹಾಕಿ ಅಂದದ್ದು ಮಾತ್ರ ನಮ್ಮಲ್ಲಿ ಉಪಯೋಗಕ್ಕೆ ಬರಲಿಲ್ಲ. ಎಲೆ ಇನ್ನೂ ಜಾಸ್ತಿ ಆಯ್ತು, ಅಷ್ಟೇ.

ನನಗೆ ಗೊತ್ತಿಲ್ಲದ ಸಂಗತಿ ಒಂದಿತ್ತು: ಒಂದು ದಂಟು ಹೂ ಬಿಡೋದು ಒಂದೇ ಸಲ. ತುದಿಯ ಹಸಿರು ತೆನೆಯಲ್ಲಿ ಒಂದೊಂದೇ ಪೊರೆ ಬಿಚ್ಚಿ ಹೂಗಳು ಸರದಿಯಲ್ಲಿ ಬರುತ್ತವೆ, ಎಲ್ಲಾ ಮುಗಿದ ಮೇಲೆ ಆ ದಂಟನ್ನು ಬುಡಕ್ಕೇ ಕತ್ತರಿಸಬಹುದು, ಹೊಸ ಮೊಳಕೆಗಳಿಗೆ ಜಾಗ ಆಗುತ್ತೆ. ಹೂ ಅರಳೋದು ಸಂಜೆ ಹೊತ್ತಿಗೆ. ಆಗ ಪರಿಮಳ ಅಡುಗೆಮನೆವರೆಗೂ ಬರುತ್ತೆ, ನಿಜವಾಗ್ಲೂ ಕಾದಿದ್ದಕ್ಕೂ ಸಾರ್ಥಕ. ಮುಡಿಯೋದಾದರೆ ಅವತ್ತೇ ಕೀಳಿ, ಮಾರನೇ ದಿನಕ್ಕೆ ಬಾಡುತ್ತೆ.

ಗೆಡ್ಡೆ ಬೇಕಾದವರು ಕೇಳಿ, ಹೂ ಮುಗಿದ ಮೇಲೆ ಕಿತ್ತು ಕೊಡ್ತೀನಿ.