ಚರಂಡಿಗೆ ಪೈಪ್ ಬಿಟ್ಟದ್ದಕ್ಕೆ ನೋಟೀಸ್, ಸ್ಲ್ಯಾಬಿಗೆ ಹಣ: ಕಾಸರಗೋಡು ಕಡೆಯವರ ಅನುಭವ ಬೇಕು

ಪ್ರಶ್ನೆ (ದುಬೈಯಿಂದ)

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಒಂದು ನಗರಸಭೆಯ ವ್ಯಾಪ್ತಿಯಲ್ಲಿ ನಮಗೆ ಹತ್ತು ಸೆಂಟ್ಸ್ ಜಾಗ, ಮನೆ ಉಂಟು. ಅಪ್ಪ ಅಮ್ಮ ಇಬ್ಬರೇ ಇರುವುದು. ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ (ಸಿಮೆಂಟಿನ ಹಾಸುಕಲ್ಲು) ಹಾಕಿಸಿದ ಮೇಲೆ ಮಾಡಿನ ನೀರು, ಅಂಗಳದ ನೀರು, ಬಟ್ಟೆ ಒಗೆಯುವ ಕಲ್ಲಿನ ನೀರು ಎಲ್ಲ ಒಂದೇ ಪೈಪಿನಲ್ಲಿ ರಸ್ತೆ ಬದಿಯ ಚರಂಡಿಗೆ ಹೋಗುತ್ತದೆ. ಈಗ ಆರೋಗ್ಯ ವಿಭಾಗದಿಂದ ನೋಟೀಸ್ ಬಂದಿದೆ: ಪೈಪ್ ತೆಗೆಯಿರಿ, ಇಲ್ಲದಿದ್ದರೆ ದಂಡ. ನೋಟೀಸ್ ಮಲಯಾಳದಲ್ಲಿರುವುದರಿಂದ ಅಪ್ಪನಿಗೆ ಅರ್ಧಂಬರ್ಧ ಅರ್ಥವಾಗಿದೆ. ಅದರ ಮೇಲೆ ಚರಂಡಿ ಕೆಲಸಕ್ಕೆ ಬಂದವರು ಗೇಟಿನ ಎದುರಿನ ಸ್ಲ್ಯಾಬಿಗೆ ನೀವೇ ಹಣ ಕೊಡಬೇಕು ಅಂದರಂತೆ. ಪಕ್ಕದ ಮನೆಯವರು ಹೇಳುವುದು ಬೇರೆಯೇ: ಚರಂಡಿ ತೆರಿಗೆ ಅಂತ ಹೊಸದು ಬಂದಿದೆ, ಅದಕ್ಕೇ ಈ ಸಲ ಕಟ್ಟಡ ತೆರಿಗೆ ಜಾಸ್ತಿ ಅಂತ. ಇದರಲ್ಲಿ ಯಾವುದನ್ನು ಕಟ್ಟಬೇಕು, ಯಾವುದನ್ನು ಬಿಡಬಹುದು? ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಕುಂಬಳೆ ಕಡೆಯ ನಿವೃತ್ತ ಗುಮಾಸ್ತ

ಸ್ಥಳೀಯಾಡಳಿತದಲ್ಲೇ ಸವೆದವನು ನಾನು. ನೀವು ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟಿಗೆ ಕಟ್ಟಿದ್ದೀರಿ. ತೆರಿಗೆಯಿಂದ ಶುರು ಮಾಡುವ.

ಮಳೆನೀರು ಚರಂಡಿಗೆ ಅಂತ ಮನೆಯವರಿಗೆ ಪ್ರತ್ಯೇಕ ಬಿಲ್ಲು ಬರುವುದನ್ನು ನಾನು ಈ ಕಡೆ ಕಂಡಿಲ್ಲ. ತೆರಿಗೆ ಏರಿದ್ದಕ್ಕೆ ಕಾರಣ ಬೇರೆ. 2023ರಲ್ಲಿ ಕೇರಳದಲ್ಲಿ ಕಟ್ಟಡ ತೆರಿಗೆ ಪರಿಷ್ಕರಣೆಯಾಯಿತು, ಅಲ್ಲಿಂದ ಪ್ರತಿವರ್ಷ ಶೇಕಡಾ 5 ಏರುತ್ತಾ ಹೋಗುತ್ತದೆ. ರಶೀದಿಯನ್ನು ಎದುರಿಟ್ಟು ಸಾಲು ಸಾಲಾಗಿ ನೋಡಿ. ಮೊದಲು ಕಟ್ಟಡ ತೆರಿಗೆ, ಕೆಳಗೆ ಅದರ ಶೇಕಡಾ 5 ಗ್ರಂಥಾಲಯ ಸೆಸ್. ಕೆಲವು ಕಡೆ ಸೇವೆಗಳ ಬಾಬ್ತು ಇನ್ನೊಂದು ಸಾಲು ಇರುತ್ತದೆ. ಶುಚೀಕರಣ, ನೀರು, ಬೀದಿದೀಪ, ಚರಂಡಿ ಇಂಥ ಸೇವೆ ಕೊಡುವಲ್ಲಿ ಅದನ್ನು ಹಾಕಲು ಕಾಯಿದೆಯಲ್ಲೇ ಅವಕಾಶ ಉಂಟು. ಪಕ್ಕದ ಮನೆಯವರು ನೋಡಿದ್ದು ಆ ಸಾಲನ್ನೇ ಇರಬೇಕು. ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯ ಯೂಸರ್ ಫೀ ಬಾಕಿ ಇಟ್ಟಿದ್ದರೆ ಅದನ್ನೂ ಕಟ್ಟಡ ತೆರಿಗೆಯ ಜೊತೆ ವಸೂಲು ಮಾಡಬಹುದು. ದುಬೈಯಲ್ಲಿ ಕೂತೇ ನೋಡಬಹುದು, ನಗರಸಭೆಗಳೆಲ್ಲ 2024ರ ಜನವರಿಯಿಂದ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿವೆ.

ನೋಟೀಸಿನ ವಿಷಯ ಹೇಳುವುದಾದರೆ, ತಪ್ಪು ನಿಮ್ಮ ಕಡೆಯದ್ದೇ. ರಸ್ತೆ ಬದಿಯ ಚರಂಡಿ ಇರುವುದು ಮಳೆನೀರಿಗೆ. ಸಾಬೂನು ನೀರು, ಅಡುಗೆಮನೆ ನೀರು, ಬಚ್ಚಲು ನೀರು ಅದಕ್ಕೆ ಬಿಡಲಿಕ್ಕಿಲ್ಲ. ತ್ಯಾಜ್ಯದ ವಿಷಯದಲ್ಲಿ ಕಾನೂನು ಇತ್ತೀಚೆಗೆ ತುಂಬ ಬಿಗಿಯಾಗಿದೆ, ಜಗಳಕ್ಕೆ ಹೋಗಬೇಡಿ. ಪೈಪ್ ಬೇರೆ ಮಾಡಿ ಫೋಟೋ ತೆಗೆದು, ಸರಿಪಡಿಸಿದ್ದೇವೆ ಅಂತ ಅಪ್ಪನ ಸಹಿಯಲ್ಲಿ ಒಂದು ಪತ್ರ ಕೊಡಿ, ಸ್ವೀಕೃತಿ ಪಡೆಯಿರಿ. ಪತ್ರ ಕನ್ನಡದಲ್ಲೇ ಇರಲಿ. ಕಾಸರಗೋಡಿನಲ್ಲಿ ಕನ್ನಡದಲ್ಲಿ ಅರ್ಜಿ ಕೊಡುವುದು ಭಾಷಾ ಅಲ್ಪಸಂಖ್ಯಾತರ ಹಕ್ಕು. ಕೌಂಟರಿನವರು ಮುಖ ಸಿಂಡರಿಸಿದರೂ ತೆಗೆದುಕೊಳ್ಳಲೇಬೇಕು.

ಸ್ಲ್ಯಾಬಿನ ಹಣವನ್ನು ಬಾಯಿಮಾತಿಗೆ ಕೊಡಬೇಡಿ. ಯಾವ ಕಾಯಿದೆ, ಯಾವ ತೀರ್ಮಾನ, ಯಾರ ಹೆಸರಿಗೆ ಅಂತ ಬರೆದು ಕೊಡಲಿ, ರಶೀದಿ ಕೊಡಲಿ. ಕಾಗದ ಕೇಳಿದ ಕೂಡಲೇ ಅರ್ಧ ಬೇಡಿಕೆಗಳು ಗಾಳಿಗೆ ಹೋಗುತ್ತವೆ, ಇದು ಕಚೇರಿಯ ಒಳಗೆ ಕೂತು ನೋಡಿದ್ದು.

ಉಪ್ಪಳದಿಂದ

ಹೇಳುವುದು ಸುಲಭ ಮಾರಾಯ್ರೆ. ಮಗ ದುಬೈಯಲ್ಲಿ, ಅಪ್ಪನಿಗೆ ವಯಸ್ಸಾಗಿದೆ, ಕಾಗದ ಹಿಡಿದುಕೊಂಡು ಯಾರು ಓಡುವುದು? ನಮ್ಮಲ್ಲಿ ಕೇಳಿದ್ದನ್ನು ಕೊಟ್ಟು ಮುಗಿಸಿದೆವು. ಒಂದು ವಾರದಲ್ಲಿ ಸ್ಲ್ಯಾಬ್ ಬಿತ್ತು. ಅಪ್ಪನ ನೆಮ್ಮದಿಗೂ ಒಂದು ಬೆಲೆ ಉಂಟಲ್ಲ.

ಬದಿಯಡ್ಕ ಕಡೆಯ ಸಿವಿಲ್ ಸೂಪರ್‌ವೈಸರ್

ಉಪ್ಪಳದವರ ಮಾತು ಅರ್ಥ ಆಗುತ್ತದೆ, ಆದರೆ ಸ್ಲ್ಯಾಬ್ ಬೀಳುವುದಕ್ಕಿಂತ ಅದು ಹೇಗೆ ಬಿತ್ತು ಅನ್ನುವುದು ಮುಖ್ಯ. ಕೆಲಸದವರು ಚರಂಡಿಯ ಎರಡೂ ಗೋಡೆಗೆ ಸೇರಿಸಿ ಒಂದೇ ಹಾಸು ಕಾಂಕ್ರೀಟ್ ಎರೆದು ಹೋಗುತ್ತಾರೆ. ನೋಡಲಿಕ್ಕೆ ಲಾಯಕ್ಕಿರುತ್ತದೆ, ಕಾರೂ ಹತ್ತುತ್ತದೆ. ಆದರೆ ಮೇ ತಿಂಗಳಲ್ಲಿ ಚರಂಡಿ ಶುಚಿ ಮಾಡಲು ಬಂದವರು ಅದನ್ನು ಎತ್ತುವುದು ಹೇಗೆ? ಅಡಿಗೆ ಕೈ ಹೋಗುವುದಿಲ್ಲ, ಹಾರೆಯೂ ಹೋಗುವುದಿಲ್ಲ. ಎರಡು ಕಡೆ ಹೂಳು ತೆಗೆದು ನಡುವಿನದ್ದನ್ನು ಬಿಟ್ಟು ಹೋಗುತ್ತಾರೆ. ಜೂನ್‌ನಲ್ಲಿ ಆ ಗೇಟಿನ ಎದುರೇ ನೀರು ಉಕ್ಕಿ ಅಂಗಳಕ್ಕೆ ನುಗ್ಗುತ್ತದೆ. ತುಂಡು ತುಂಡಾಗಿ ಎರೆಸಿ, ಎರಡಾಳು ಎತ್ತುವಷ್ಟು ಅಗಲದ್ದು. ಪ್ರತಿ ತುಂಡಿಗೂ ಕಂಬಿ ಬಗ್ಗಿಸಿ ಎರಡು ಹಿಡಿ ಇಡಿಸಿ. ಇಂಥದ್ದೇ ಬೇಕು ಅಂತ ಪತ್ರದಲ್ಲಿ ಬರೆಯಿರಿ.

ಒಗೆಯುವ ನೀರಿಗೆ ಇಂಗುಗುಂಡಿಯೇ ದಾರಿ. ನಿಯಮದ ಪ್ರಕಾರ ಅದು ಬಾವಿಯಿಂದ 7.5 ಮೀಟರ್, ಗಡಿಯಿಂದ 1.2 ಮೀಟರ್ ದೂರ ಇರಬೇಕು. ಹತ್ತು ಸೆಂಟ್ಸಿನಲ್ಲಿ ಇಷ್ಟು ಸಿಗಬಹುದು, ಆದರೆ ನೆರೆಮನೆಯ ಬಾವಿ ನಿಮ್ಮ ಗೋಡೆಯ ಆಚೆ ಎಲ್ಲಿ ಉಂಟು ಅಂತಲೂ ನೋಡಿಕೊಳ್ಳಿ, ಅದನ್ನು ಹೆಚ್ಚಿನವರು ಮರೆಯುವುದು. ಮುರಕಲ್ಲಿನ ಜಾಗವಾದರೆ ಮೇಲಿನ ಗಟ್ಟಿ ಪದರ ದಾಟಿಸಿ ಅಗೆಯಿಸಬೇಕು, ಇಲ್ಲದಿದ್ದರೆ ಗುಂಡಿ ಟ್ಯಾಂಕಿಯ ಹಾಗೆ ತುಂಬಿ ಕೂರುತ್ತದೆ. ಅಡುಗೆಮನೆ ನೀರೂ ಅದಕ್ಕೇ ಬರುವುದಾದರೆ ನಡುವೆ ಒಂದು ಸಣ್ಣ ಚೇಂಬರ್ ಕಟ್ಟಿಸಿ, ಎಣ್ಣೆ ಜಿಡ್ಡು ಅಲ್ಲೇ ನಿಲ್ಲಲಿ.

ಇನ್ನು ಇಂಟರ್‌ಲಾಕ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಐದು ಸೆಂಟ್ಸ್ ಅಂಗಳ ಅಂದರೆ ಸುಮಾರು 200 ಚದರ ಮೀಟರ್. ನಮ್ಮ ಆಟಿಯ ಮಳೆ ದಿನಕ್ಕೆ 100 ಮಿಲಿಮೀಟರ್ ಸುರಿಯುವುದು ದೊಡ್ಡ ಸಂಗತಿಯಲ್ಲ. ಅಲ್ಲಿಗೆ ಅಂಗಳವೊಂದರಿಂದಲೇ 20,000 ಲೀಟರ್, ಮಾಡಿನದ್ದು ಬೇರೆ. ಮೊದಲು ಮಣ್ಣಿನಂಗಳ ಒಂದಷ್ಟನ್ನಾದರೂ ಕುಡಿಯುತ್ತಿತ್ತು. ಗೋಡೆಯ ಬದಿಯಲ್ಲಿ ಎರಡಡಿ ಇಂಟರ್‌ಲಾಕ್ ಕಿತ್ತು ಜಲ್ಲಿ ತುಂಬಿಸಿ. ಮಾಡಿನ ನೀರನ್ನು ಮರಳು, ಜಲ್ಲಿ, ಇದ್ದಿಲಿನ ಸೋಸುಡ್ರಮ್ ದಾಟಿಸಿ ಬಾವಿಗೆ ಬಿಡಿ. ತ್ರಿಶೂರು ಜಿಲ್ಲೆಯಲ್ಲಿ 2008ರಿಂದ ಮಳಪ್ಪೊಲಿಮ ಅಂತ ಇದನ್ನೇ ಮಾಡುತ್ತಿರುವುದು. ಮೊದಲೆರಡು ಮಳೆಯ ನೀರನ್ನು ಮಾತ್ರ ಹೊರಗೆ ಬಿಡಬೇಕು, ಮಾಡಿನ ಮೇಲಿನ ಧೂಳು, ಹಕ್ಕಿಯ ಹಿಕ್ಕೆ ಎಲ್ಲ ಅದರಲ್ಲೇ ಇರುತ್ತದೆ.

ಮಧೂರು ಕಡೆಯ ಅಮ್ಮ

ನನ್ನ ಮಗಳು ಅಮೆರಿಕದಲ್ಲಿ, ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ಊರಿನಲ್ಲಿ. ಅಲ್ಲಿ ಮಳೆನೀರಿಗೇ ಬಿಲ್ಲು ಬರುತ್ತದೆ ಅಂದಾಗ ನನಗೆ ನಗು. ಆಕಾಶದಿಂದ ಬೀಳುವುದಕ್ಕೂ ಹಣವಾ ಅಂತ. ಅವಳು ಬಿಡಿಸಿ ಹೇಳಿದಳು: ಆ ಊರು 1974ರಲ್ಲೇ ಮಳೆನೀರಿಗೆ ಬೇರೆ ವ್ಯವಸ್ಥೆ ಮಾಡಿಕೊಂಡಿತ್ತಂತೆ. ಹಣ ಕೇಳುವುದು ಮಳೆಗಲ್ಲ, ನೀರು ಇಂಗದ ಹಾಗೆ ಜಾಗವನ್ನು ಎಷ್ಟು ಮುಚ್ಚಿದ್ದೀರಿ ಎನ್ನುವುದಕ್ಕೆ. ಅಮೆರಿಕದ ಎಷ್ಟೋ ಊರುಗಳಲ್ಲಿ ಒಂದು ಸಾಮಾನ್ಯ ಮನೆಯ ಮಾಡು, ಅಂಗಳ ಎಲ್ಲ ಸೇರಿ ಎಷ್ಟು ಮುಚ್ಚಿರುತ್ತದೆ ಅನ್ನುವುದೇ ಅಳತೆ. ದೊಡ್ಡ ಅಂಗಡಿಗಳ ಪಾರ್ಕಿಂಗಿಗೆ ಅದರ ಎಷ್ಟೋ ಪಟ್ಟು. ಜರ್ಮನಿಯಲ್ಲೂ ಹಾಗೇ ಉಂಟಂತೆ. ಕೆಲವು ಊರುಗಳಲ್ಲಿ ನೀರು ಇಂಗಿಸಿದವರಿಗೆ ರಿಯಾಯಿತಿಯೂ ಇದೆ.

ನಮ್ಮಲ್ಲಿ ಹಾಗೆ ಇಲ್ಲ, ಬರುವುದೂ ಬೇಡ ಅಂತ ಮೊದಲು ಅನ್ನಿಸಿತ್ತು. ಈಗ ಮಳೆಗಾಲದಲ್ಲಿ ಮಧುವಾಹಿನಿ ಹೊಳೆ ಉಕ್ಕಿ ದೇವಸ್ಥಾನದ ಅಂಗಳಕ್ಕೆ ನೀರು ಬಂದಾಗಲೆಲ್ಲ ಮೇಲಿನ ಊರುಗಳ ಇಂಟರ್‌ಲಾಕ್ ನೆನಪಾಗುತ್ತದೆ. ಚದರ ಮೀಟರ್ ಲೆಕ್ಕದಲ್ಲಿ ಮನೆಗೆ ತೆರಿಗೆ ಹಾಕುವವರು ಅಂಗಳವನ್ನೂ ಸ್ವಲ್ಪ ಅಳೆಯಲಿ ಅಂತ ನನ್ನ ಅಭಿಪ್ರಾಯ. ಬೈಯುವವರು ಬೈಯಿರಿ.

ಉಪ್ಪಳದಿಂದ

ಅಮ್ಮ, ನಿಮ್ಮ ಮಾತು ಕಚೇರಿಯವರ ಕಿವಿಗೆ ಬೀಳದಿರಲಿ. 😀

ಹೊಸದುರ್ಗದ ವಕೀಲೆ

ನಿಮ್ಮ ಎದುರಿನ ಚರಂಡಿಯಲ್ಲಿ ನೀರು ಸರಾಗ ಹೋಗುತ್ತಿಲ್ಲ ಅಂತಾದರೆ ಕೆಳಗಡೆಯೂ ನೋಡಿ. ಚರಂಡಿಯ ನೀರು ಹೋಗಿ ಸೇರುವ ತೋಡು ಎಲ್ಲಿ? ಅದರ ಆಚೆ ಗದ್ದೆ ಇತ್ತಾ, ಈಗ ಮಣ್ಣು ತುಂಬಿಸಿದ್ದಾರಾ? 2008ರ ಭತ್ತದ ಗದ್ದೆ ಮತ್ತು ಜೌಗು ನೆಲ ಸಂರಕ್ಷಣಾ ಕಾಯಿದೆ ಕೇರಳದಲ್ಲಿ ಜೋರಾಗಿಯೇ ಇದೆ, ವಿಲ್ಲೇಜ್ ಆಫೀಸರ್ ಕೆಲಸ ನಿಲ್ಲಿಸಲು ಮೆಮೊ ಕೊಡಬಹುದು. ಕೃಷಿಭವನದಲ್ಲಿ ಆ ಜಾಗ ಡಾಟಾ ಬ್ಯಾಂಕಿನಲ್ಲಿ (ಗದ್ದೆ, ಜೌಗು ನೆಲಗಳ ಪಟ್ಟಿಯಲ್ಲಿ) ಉಂಟಾ ಅಂತ ವಿಚಾರಿಸಿ.

ಸಾರ್ವಜನಿಕ ಚರಂಡಿಯನ್ನೇ ಯಾರಾದರೂ ಅಡ್ಡಗಟ್ಟಿದ್ದರೆ ಆರ್‌ಡಿಒಗೆ (ಕಂದಾಯ ವಿಭಾಗಾಧಿಕಾರಿಗೆ) ಅರ್ಜಿ. ಹಿಂದೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 133ನೆಯ ಸೆಕ್ಷನ್ ಇತ್ತಲ್ಲ, 2024ರ ಜುಲೈಯಿಂದ ಅದು ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನ 152. ಇಬ್ಬರು ಖಾಸಗಿಯವರ ನಡುವಿನ ವ್ಯಾಜ್ಯವಾದರೆ 1882ರ ಈಸ್‌ಮೆಂಟ್ (ಅನುಭೋಗದ ಹಕ್ಕು) ಕಾಯಿದೆ: ಮೇಲಿನ ಜಾಗದಲ್ಲಿ ಬಿದ್ದ ಮಳೆನೀರು ಸಹಜವಾಗಿ ಇಳಿದು ಬರುವುದನ್ನು ಕೆಳಗಿನವರು ತಡೆಯುವ ಹಾಗಿಲ್ಲ. ‘ಸಹಜವಾಗಿ’ ಅನ್ನುವುದರಲ್ಲೇ ಎಲ್ಲ ಇದೆ, ಪೈಪಿನಲ್ಲಿ ಒಟ್ಟುಮಾಡಿ ಚಿಮ್ಮಿಸಿದರೆ ಆ ರಕ್ಷಣೆ ನೆಚ್ಚಬೇಡಿ.

ಪ್ರಶ್ನೆ ಕೇಳಿದವರು

ತುಂಬ ಉಪಕಾರ ಆಯ್ತು. ಅಮ್ಮನ ಹತ್ತಿರ ರಶೀದಿಯ ಫೋಟೋ ತರಿಸಿದೆ. ಚರಂಡಿ ತೆರಿಗೆ ಅಂತ ಏನೂ ಇಲ್ಲ, ಏರಿದ್ದು ಆ ಶೇಕಡಾ 5 ಮಾತ್ರ. ಒಗೆಯುವ ಕಲ್ಲಿನ ಪೈಪ್ ಬೇರೆ ಮಾಡಲು ಹೇಳಿದ್ದೇನೆ. ಇನ್ನೊಂದು ಸಂಗತಿ ಈಗ ಗೊತ್ತಾಯಿತು: ಎದುರಿನ ರಸ್ತೆ ಪಿಡಬ್ಲ್ಯುಡಿಯದ್ದಂತೆ (ಲೋಕೋಪಯೋಗಿ ಇಲಾಖೆಯದ್ದು), ನಗರಸಭೆಯದ್ದಲ್ಲ. ಸ್ಲ್ಯಾಬಿನ ವಿಷಯದಲ್ಲಿ ಅದರಿಂದ ಏನಾದರೂ ವ್ಯತ್ಯಾಸ ಉಂಟಾ?

ಕುಂಬಳೆ ಕಡೆಯ ನಿವೃತ್ತ ಗುಮಾಸ್ತ

ಉಂಟು, ದೊಡ್ಡ ವ್ಯತ್ಯಾಸ. ರಸ್ತೆ ಯಾರದ್ದೋ ಅದರ ಬದಿಯ ಚರಂಡಿಯೂ ಅವರದ್ದೇ. ಹಾಗಾದರೆ ಸ್ಲ್ಯಾಬಿನ ಹಣ ಕೇಳಿದವರು ಯಾರ ಕಡೆಯವರು ಅಂತ ಮೊದಲು ತಿಳಿಯಬೇಕು, ಗುತ್ತಿಗೆದಾರನ ಮೇಸ್ತ್ರಿಯೇ ತಾನಾಗಿ ಕೇಳಿದ್ದೂ ಇರಬಹುದು. ಪಿಡಬ್ಲ್ಯುಡಿಯ ಸೆಕ್ಷನ್ ಆಫೀಸಿನ ಅಸಿಸ್ಟೆಂಟ್ ಇಂಜಿನಿಯರಿಗೆ ಒಂದು ಅರ್ಜಿ ಹಾಕಿ: ಮನೆಗೆ ದಾರಿ ಬಿಡುವ ಸ್ಲ್ಯಾಬ್ ಈ ಕೆಲಸದ ಎಸ್ಟಿಮೇಟಿನಲ್ಲಿ ಸೇರಿದೆಯಾ? ಸೇರಿದ್ದರೆ ನೀವು ಕೊಡುವುದು ಏನೂ ಇಲ್ಲ. ಸೇರಿಲ್ಲದಿದ್ದರೆ ಅನುಮತಿ ಪಡೆದು ನಿಮ್ಮ ಖರ್ಚಲ್ಲಿ, ಬದಿಯಡ್ಕದವರು ಹೇಳಿದ ಹಾಗೆ ತುಂಡು ಸ್ಲ್ಯಾಬ್ ಹಾಕಿಸಿ. ಉತ್ತರ ಬಾರದಿದ್ದರೆ ಅದೇ ಪ್ರಶ್ನೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ, 10 ರೂಪಾಯಿ ಶುಲ್ಕ, 30 ದಿನದ ಗಡುವು, ಎಸ್ಟಿಮೇಟಿನ ನಕಲೂ ಸಿಗುತ್ತದೆ. ಆಗುವುದಾದರೆ ಏಪ್ರಿಲ್ ಒಳಗೆ ಕೊಡಿ. ಮಳೆ ಹಿಡಿದ ಮೇಲೆ ಚರಂಡಿ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ.